ಕೆರೆ ನಕ್ಷೆಗೆ ಮೆಟಾಡೇಟಾ ಬರೆಯುವ ಬಗೆ

‘ಕೋಲಾರ_ಕೆರೆ_ಫೈನಲ್_2’ ಎಂಬ ಶೇಪ್‌ಫೈಲ್ (ಕಂಪ್ಯೂಟರ್ ನಕ್ಷೆಯ ಒಂದು ಬಗೆಯ ಫೈಲ್) ಯಾರದೋ ಪೆನ್‌ಡ್ರೈವ್‌ನಿಂದ ನಿಮ್ಮ ಕೈಗೆ ಬರುತ್ತದೆ. ತೆರೆದರೆ ನೂರಾರು ಪಾಲಿಗನ್‌ಗಳು, ಅಂದರೆ ಕೆರೆಯ ಅಂಚು ತೋರಿಸುವ ಮುಚ್ಚಿದ ಆಕೃತಿಗಳು. ‘ವಿಸ್ತೀರ್ಣ’ ಎಂಬ ಕಾಲಂನಲ್ಲಿ 12.3 ಎಂದಿದೆ. ಇದು ಹೆಕ್ಟೇರೋ ಎಕರೆಯೋ? ಎಕರೆಯಾದರೆ ಮೂರು ಗುಂಟೆಯೋ ಮೂವತ್ತು ಗುಂಟೆಯೋ? ಗೆರೆ ಎಳೆದದ್ದು ನೀರು ನಿಂತಿದ್ದಷ್ಟಕ್ಕೋ, ಕಂದಾಯ ದಾಖಲೆಯಲ್ಲಿರುವ ಕೆರೆಯಂಗಳಕ್ಕೋ? ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಇವಕ್ಕೆ ಉತ್ತರ ಸಿಗದಿದ್ದರೆ ಅದನ್ನು ಬಣ್ಣ ತುಂಬಿ ಗೋಡೆಗೆ ಹಾಕಬಹುದು, ಲೆಕ್ಕಕ್ಕೆ ಹಿಡಿಯಲಾಗದು. ಈ ಉತ್ತರಗಳನ್ನು ಬರೆದಿಡುವುದೇ ಮೆಟಾಡೇಟಾ. ಕೋಲಾರ ಜಿಲ್ಲೆಯ ಕೆರೆಗಳ ಲೇಯರ್ (ಒಂದೇ ವಿಷಯದ ನಕ್ಷೆಪದರ) ಒಂದನ್ನು ಉದಾಹರಣೆಯಾಗಿಟ್ಟುಕೊಂಡು ಅದನ್ನು ಬರೆಯುವ ಕ್ರಮವನ್ನು ನೋಡೋಣ. ರಸ್ತೆ, ಮಣ್ಣು, ಕೊಳವೆಬಾವಿ, ಯಾವುದರ ನಕ್ಷೆಗಾದರೂ ಇದೇ ದಾರಿ.

ಯಾವುದನ್ನು ನೀವೇ ಬರೆಯಬೇಕು

ಭೌಗೋಳಿಕ ಮೆಟಾಡೇಟಾಕ್ಕೆ ಅಂತರರಾಷ್ಟ್ರೀಯ ಮಾನಕವಿದೆ: ಐಎಸ್‌ಒ 19115. ಮೊದಲು 2003ರಲ್ಲಿ ಬಂತು, 2014ರಲ್ಲಿ ಅದರ ಪರಿಷ್ಕೃತ ರೂಪ 19115-1 ಬಂತು. ಅದರಲ್ಲಿರುವ ಅಂಶಗಳು ನೂರಾರು. ಅಷ್ಟನ್ನೂ ತುಂಬಲು ಹೊರಟವರು ಸಾಮಾನ್ಯವಾಗಿ ಅರ್ಧಕ್ಕೇ ಕೈಬಿಟ್ಟು, ಉಳಿದ ಖಾನೆಗಳಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದು ಮುಗಿಸುತ್ತಾರೆ.

ಖಾನೆಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಎಷ್ಟು ಪಾಲಿಗನ್, ಯಾವ ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗಿಳಿಸುವ ವಿಧಾನ), ನಾಲ್ಕು ದಿಕ್ಕಿನ ಗಡಿ ಎಲ್ಲಿ, ಕಾಲಂ ಎಷ್ಟು ಎಂಬುದನ್ನು ಸಾಫ್ಟ್‌ವೇರ್ ತಾನೇ ಓದಿ ತುಂಬುತ್ತದೆ. ನೀವು ಪರೀಕ್ಷಿಸಿದರೆ ಸಾಕು. ಕೆರೆ ಎಂದು ಯಾವುದನ್ನು ಲೆಕ್ಕ ಹಾಕಿದಿರಿ, ಯಾವುದನ್ನು ಬಿಟ್ಟಿರಿ, ಯಾವ ದಿನದ ಚಿತ್ರ ನೋಡಿ ಗೆರೆ ಎಳೆದಿರಿ, ಎಲ್ಲಿ ಅನುಮಾನವಿತ್ತು ಎಂಬುದು ನಿಮಗೆ ಮಾತ್ರ ಗೊತ್ತು, ಅದೂ ಆರು ತಿಂಗಳವರೆಗೆ. ನಿಮ್ಮ ಸಮಯವೆಲ್ಲ ಈ ಎರಡನೆಯ ಗುಂಪಿಗೆ ಹೋಗಲಿ.

ಹಾಗಾಗಿ ಮೆಟಾಡೇಟಾ ಬರೆಯಲು ಕೊನೆಯ ದಿನ ಕಾಯಬೇಡಿ. ಕೆಲಸ ಶುರುವಾದ ದಿನವೇ ಅದೇ ಫೋಲ್ಡರಿನಲ್ಲಿ ಒಂದು ಟೆಕ್ಸ್ಟ್ ಫೈಲ್ ತೆರೆದು, ಪ್ರತಿ ತೀರ್ಮಾನಕ್ಕೂ ದಿನಾಂಕ ಹಾಕಿ ಒಂದು ಸಾಲು ಬರೆಯುತ್ತ ಹೋಗಿ. ‘ಅರ್ಧ ಹೆಕ್ಟೇರಿಗಿಂತ ಚಿಕ್ಕವನ್ನು ಇವತ್ತಿನಿಂದ ಬಿಡುತ್ತಿದ್ದೇವೆ’ ಎಂಬ ಒಂದು ಸಾಲು ಕೊನೆಗೆ ಒಂದು ಪುಟಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ.

ಹೆಸರು, ಸಾರಾಂಶ

ಹೆಸರಿನಲ್ಲಿ ಏನು, ಎಲ್ಲಿ, ಯಾವಾಗ ಎಂಬ ಮೂರೂ ಇರಬೇಕು, ಸಾಧ್ಯವಾದರೆ ಎಷ್ಟು ಸೂಕ್ಷ್ಮವಾಗಿ ಎಂಬುದೂ. ‘ಕೆರೆಗಳು’ ಎಂಬುದು ಹೆಸರಲ್ಲ. ‘ಕೋಲಾರ ಜಿಲ್ಲೆಯ ಕೆರೆಗಳ ನೀರಿನ ಹರವು, ನವೆಂಬರ್ 2023, 10 ಮೀಟರ್ ಉಪಗ್ರಹ ಚಿತ್ರದಿಂದ’ ಎಂಬುದು ಹೆಸರು. ‘ಫೈನಲ್’, ‘ಹೊಸ’, ‘ಲೇಟೆಸ್ಟ್’ ಎಂಬ ಪದಗಳನ್ನು ಹೆಸರಿಗೆ ಸೇರಿಸಬೇಡಿ. ಮುಂದಿನ ವರ್ಷ ಅವೆಲ್ಲ ಸುಳ್ಳಾಗುತ್ತವೆ.

ಸಾರಾಂಶಕ್ಕೆ ಐದಾರು ವಾಕ್ಯ ಸಾಕು. ‘ಈ ದತ್ತಾಂಶವು ಕೆರೆಗಳ ಬಗ್ಗೆ ಮಹತ್ವದ ಮಾಹಿತಿಯನ್ನು ಒಳಗೊಂಡಿದೆ’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆಯಬಹುದು: ‘ಕೋಲಾರ ಜಿಲ್ಲೆಯಲ್ಲಿ ನವೆಂಬರ್ 2023ರ ಉಪಗ್ರಹ ಚಿತ್ರದಲ್ಲಿ ನೀರು ಕಂಡ, 0.5 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಕೆರೆಗಳ ನೀರಿನ ಅಂಚು ಇಲ್ಲಿದೆ. ಆ ತಿಂಗಳು ಒಣಗಿದ್ದ ಕೆರೆಗಳು ಇದರಲ್ಲಿ ಇಲ್ಲ. ಕೃಷಿ ಹೊಂಡ, ಕಲ್ಲು ಕ್ವಾರಿಯ ನೀರನ್ನು ಕೈಯಿಂದ ತೆಗೆದುಹಾಕಲಾಗಿದೆ. ತಾಲ್ಲೂಕು ಮಟ್ಟದಲ್ಲಿ ನೀರಿನ ಹರವನ್ನು ಹೋಲಿಸಲು ಇದನ್ನು ಬಳಸಬಹುದು. ಒತ್ತುವರಿ ಗುರುತಿಸಲು, ಸರ್ವೆ ಗಡಿ ನಿರ್ಧರಿಸಲು ಬಳಸಬಾರದು.’

ಕೊನೆಯ ವಾಕ್ಯ ಬರೆಯಲು ಬಹಳ ಜನ ಹಿಂಜರಿಯುತ್ತಾರೆ, ತಮ್ಮ ಕೆಲಸವನ್ನು ತಾವೇ ಇಳಿಸಿದಂತೆ ಆದೀತೆಂದು. ಆದರೆ ಒಂದು ಚುಕ್ಕಿ ನೆಲದ ಮೇಲೆ ಹತ್ತು ಮೀಟರ್ ಇರುವ ಚಿತ್ರದ ಅಂಚನ್ನು ಹಿಡಿದು ಯಾರದೋ ಹೊಲದ ಬದುವಿನ ಮೇಲೆ ಗಡಿಕಲ್ಲು ನೆಡಲು ಹೊರಟವರನ್ನು ತಡೆಯುವುದು ಆ ಒಂದು ವಾಕ್ಯವೇ.

ಕೆರೆ ಎಂದರೆ ಯಾವುದು?

ಮೆಟಾಡೇಟಾದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ, ಬಹುಪಾಲು ಖಾಲಿ ಉಳಿಯುವುದೂ ಇದೇ. ನಮ್ಮ ಬಯಲುಸೀಮೆಯಲ್ಲಿ ಕೆರೆ, ಕಟ್ಟೆ, ಕುಂಟೆ, ಗೋಕಟ್ಟೆ, ಕಲ್ಯಾಣಿ ಎಲ್ಲವೂ ನೀರು ನಿಲ್ಲುವ ಜಾಗಗಳೇ. ಯಾವುದು ಸೇರಿದೆ, ಯಾವುದು ಇಲ್ಲ ಎಂಬುದನ್ನು ಪಟ್ಟಿ ಮಾಡಿ ಬರೆಯಬೇಕು. ‘ಏರಿ ಇರುವ, ನೀರು ಹೊರಬಿಡಲು ತೂಬು ಅಥವಾ ಕೋಡಿ ಇರುವ ಜಲಾಶಯ’ ಎಂದು ವ್ಯಾಖ್ಯಾನ ಕೊಟ್ಟರೆ ಕುಂಟೆ, ಕಲ್ಯಾಣಿಗಳು ತಾವಾಗಿಯೇ ಹೊರಗುಳಿಯುತ್ತವೆ. ಹಾಗೆ ಕೊಟ್ಟಮೇಲೆ ಉಪಗ್ರಹ ಚಿತ್ರದಲ್ಲಿ ತೂಬು ಕಾಣುವುದಿಲ್ಲವಲ್ಲ, ನೀವು ಹೇಗೆ ತಿಳಿದಿರಿ ಎಂಬುದನ್ನೂ ಹೇಳಬೇಕಾಗುತ್ತದೆ.

ಮುಂದಿನದು ಅಂಚು. ಒಂದೇ ಕೆರೆಗೆ ಕನಿಷ್ಠ ಮೂರು ಅಂಚುಗಳಿವೆ. ಆ ದಿನ ನೀರು ನಿಂತಿದ್ದ ಅಂಚು, ಕೋಡಿ ಬೀಳುವ ಮಟ್ಟಕ್ಕೆ ತುಂಬಿದಾಗಿನ ಅಂಚು, ಸರ್ವೆ ನಂಬರಿನ ಪ್ರಕಾರ ಕೆರೆಯಂಗಳದ ಗಡಿ. ಮೂರರ ವಿಸ್ತೀರ್ಣವೂ ಬೇರೆಬೇರೆ, ಬೇಸಿಗೆಯಲ್ಲಿ ಮೊದಲನೆಯದು ಸೊನ್ನೆಯೂ ಆಗಬಹುದು. ಒಂದು ಲೇಯರಿನಲ್ಲಿ ಒಂದೇ ಬಗೆಯ ಅಂಚಿರಲಿ. ಬೆರೆಸುವುದು ಅನಿವಾರ್ಯವಾದರೆ ‘ಅಂಚಿನ ಬಗೆ’ ಎಂಬ ಕಾಲಂ ಸೇರಿಸಿ ಪ್ರತಿ ಪಾಲಿಗನ್‌ಗೂ ಗುರುತು ಹಾಕಿ.

ಇನ್ನೆರಡು ತೊಡಕುಗಳಿವೆ. ಒಂದೇ ಕೆರೆ ಎರಡು ಮೂರು ಗ್ರಾಮಗಳ ಸರ್ವೆ ನಂಬರುಗಳಲ್ಲಿ ಹರಡಿರುವುದು ಸಾಮಾನ್ಯ. ಗ್ರಾಮದ ಗಡಿಯಲ್ಲಿ ಕತ್ತರಿಸಿದ್ದೀರಾ, ಇಡಿಯಾಗಿ ಬಿಟ್ಟಿದ್ದೀರಾ ಎಂದು ಬರೆಯಿರಿ. ಕತ್ತರಿಸಿದ್ದರೆ ಪಾಲಿಗನ್‌ಗಳ ಸಂಖ್ಯೆ ಕೆರೆಗಳ ಸಂಖ್ಯೆಯಾಗಿರುವುದಿಲ್ಲ. ‘ಜಿಲ್ಲೆಯಲ್ಲಿ ಇಷ್ಟು ಕೆರೆ’ ಎಂಬ ಲೆಕ್ಕಗಳು ಒಂದಕ್ಕೊಂದು ತಾಳೆಯಾಗದಿರಲು ಇದೊಂದು ಕಾರಣ. ಹೆಸರಿನದು ಇನ್ನೊಂದು ತೊಡಕು. ದೊಡ್ಡಕೆರೆ, ಹೊಸಕೆರೆ, ಊರ ಮುಂದಿನ ಕೆರೆ ಎಂಬ ಹೆಸರುಗಳು ಪ್ರತಿ ಹೋಬಳಿಯಲ್ಲೂ ಇರುತ್ತವೆ. ಆದ್ದರಿಂದ ಹೆಸರನ್ನು ಗುರುತುಸಂಖ್ಯೆಯಂತೆ ಬಳಸಬೇಡಿ. ಪ್ರತಿ ಕೆರೆಗೂ ಬೇರೆ ಸಂಖ್ಯೆ ಕೊಟ್ಟು, ಅದನ್ನು ಹೇಗೆ ಕೊಟ್ಟಿರಿ, ಮುಂದಿನ ಆವೃತ್ತಿಯಲ್ಲೂ ಅದು ಬದಲಾಗದೆ ಉಳಿಯುತ್ತದೆಯೇ ಎಂಬುದನ್ನು ತಿಳಿಸಿ. ಗ್ರಾಮದ ಕೋಡ್ ಹಾಕಿದ್ದರೆ ಅದು 2011ರ ಜನಗಣತಿಯದೋ, ಸ್ಥಳೀಯ ಸರ್ಕಾರಗಳ ಎಲ್‌ಜಿಡಿ ಪಟ್ಟಿಯದೋ ಎಂದು ಹೇಳಿ. ಅವೆರಡೂ ಎಲ್ಲ ಕಡೆ ಒಂದೇ ಆಗಿರುತ್ತವೆಂದು ನಂಬುವಂತಿಲ್ಲ.

ಕಾಲಂಗಳ ವಿವರ

ಪ್ರತಿ ಕಾಲಂಗೂ ನಾಲ್ಕು ವಿಷಯ: ಪೂರ್ತಿ ಅರ್ಥ, ಅಳತೆಯ ಮಾನ, ಬರಬಹುದಾದ ಬೆಲೆಗಳು, ಮಾಹಿತಿ ಇಲ್ಲದಾಗ ಏನು ಬರೆದಿದ್ದೀರಿ ಎಂಬುದು. ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದರೆ ಹೆಸರಿಗೆ ಮೂರೇ ಸಂಕೇತ, ಒತ್ತಕ್ಷರ ಬಂದರೆ ಅದೂ ಇಲ್ಲ. ಹಾಗಾಗಿ ಕಾಲಂ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿಟ್ಟು, ಕನ್ನಡದ ಪೂರ್ತಿ ಹೆಸರನ್ನು ಮೆಟಾಡೇಟಾದಲ್ಲಿ ಕೊಡುವುದೇ ಸರಿ. ಜಿಯೋಪ್ಯಾಕೇಜ್ ಎಂಬ ಇನ್ನೊಂದು ಬಗೆಯ ನಕ್ಷೆ ಫೈಲ್ ಬಳಸಿದರೆ ಈ ಇಕ್ಕಟ್ಟು ಇರುವುದಿಲ್ಲ.

ಕೆರೆಯ ಹೆಸರುಗಳನ್ನು ಯಾವ ಲಿಪಿ ಸಂಕೇತದಲ್ಲಿ ಟೈಪ್ ಮಾಡಲಾಗಿದೆ ಎಂಬುದನ್ನೂ ಬರೆಯಿರಿ. ಹಳೆಯ ದತ್ತಾಂಶದಲ್ಲಿ ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾದ ಹೆಸರುಗಳು ಇನ್ನೂ ಸಿಗುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಯುನಿಕೋಡಿಗೆ ಬದಲಾಯಿಸಿದ್ದರೆ ಅದನ್ನೂ ದಾಖಲಿಸಿ, ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಕೆಡುವುದುಂಟು.

ಅಳತೆಯ ಮಾನದಲ್ಲಿ ನಮ್ಮದೇ ಆದ ಒಂದು ಗುಂಡಿಯಿದೆ: ಎಕರೆ-ಗುಂಟೆ. ಆಕಾರಬಂದ್ ಎಂಬ ಕಂದಾಯ ದಾಖಲೆಯಿಂದ ವಿಸ್ತೀರ್ಣ ಎತ್ತಿಕೊಳ್ಳುವಾಗ 12 ಎಕರೆ 20 ಗುಂಟೆಯನ್ನು 12.20 ಎಂದು ಟೈಪ್ ಮಾಡುತ್ತಾರೆ. ಎಕರೆಗೆ 40 ಗುಂಟೆ, ಆದ್ದರಿಂದ ಅದರ ನಿಜವಾದ ಬೆಲೆ 12.5 ಎಕರೆ, ಅಂದರೆ 5.06 ಹೆಕ್ಟೇರ್. ದಶಮಾಂಶವೆಂದು ಓದಿದವರಿಗೆ 4.94 ಹೆಕ್ಟೇರ್ ಸಿಗುತ್ತದೆ. ಇದಕ್ಕಿಂತ ಕೆಟ್ಟದ್ದು 12.30ರ ಕಥೆ. ಸಂಖ್ಯೆಯ ಕಾಲಂನಲ್ಲಿ ಕೊನೆಯ ಸೊನ್ನೆ ಉದುರಿ 12.3 ಆಗುತ್ತದೆ. ಮೂವತ್ತು ಗುಂಟೆಯನ್ನು ಆಮೇಲೆ ಮೂರು ಗುಂಟೆ ಎಂದು ಓದಿದರೆ ಯಾರೂ ತಪ್ಪು ಹಿಡಿಯಲಾರರು. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ, ಮೂರನೆಯದರಲ್ಲಿ ಹೆಕ್ಟೇರ್ ಲೆಕ್ಕ ಹಾಕಿಡಿ.

ಮಾಹಿತಿ ಇಲ್ಲದ ಕಡೆ ಸೊನ್ನೆ ಹಾಕಬೇಡಿ. ಆಳ 0 ಎಂದರೆ ಹೂಳು ತುಂಬಿದ ಕೆರೆಯೋ, ಅಳೆಯದ ಕೆರೆಯೋ? ಖಾಲಿ ಬಿಡಿ. ಖಾಲಿ ಬಿಡಲಾಗದ ಕಡೆ ‑9999 ಎಂದು ಹಾಕಿ, ಅದರ ಅರ್ಥವನ್ನು ಬರೆಯಿರಿ. ಬರೆಯದೆ ಬಿಟ್ಟರೆ ಯಾರೋ ಒಬ್ಬರು ಅದನ್ನೂ ಸೇರಿಸಿ ಸರಾಸರಿ ತೆಗೆಯುತ್ತಾರೆ.

ಎಲ್ಲಿ

ಕೋಲಾರ ಈ ವಿಷಯದಲ್ಲಿ ಒಳ್ಳೆಯ ಪಾಠ. ಭೂಮಿಯನ್ನು ಆರಾರು ಡಿಗ್ರಿಯ ವಲಯಗಳಾಗಿ ಹಂಚುವ ಯುಟಿಎಂ ಪದ್ಧತಿಯಲ್ಲಿ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೆಯ ವಲಯ, 78ರಿಂದ ಆಚೆ 44. 78ರ ಗೆರೆ ಕೋಲಾರ ಜಿಲ್ಲೆಯೊಳಗೇ ಹಾದುಹೋಗುತ್ತದೆ. ಮಾಲೂರು ಪಟ್ಟಣ 43ರಲ್ಲಿ, ಕೋಲಾರ ನಗರ, ಮುಳಬಾಗಿಲು 44ರಲ್ಲಿ. ಇಡೀ ಜಿಲ್ಲೆಗೆ ಒಂದೇ ವಲಯ ಆರಿಸಿಕೊಂಡರೆ ಏನೂ ನಷ್ಟವಿಲ್ಲ, ವಿಸ್ತೀರ್ಣದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಆದರೆ ಯಾವುದನ್ನು ಆರಿಸಿದಿರಿ ಎಂದು ಇಪಿಎಸ್‌ಜಿ ಸಂಖ್ಯೆಯ (ಪ್ರತಿ ನಿರ್ದೇಶಾಂಕ ಪದ್ಧತಿಗೂ ಇರುವ ಗುರುತುಸಂಖ್ಯೆ) ಸಮೇತ ಬರೆಯಿರಿ: ಡಬ್ಲ್ಯುಜಿಎಸ್ 84 ಡೇಟಮ್‌ನಲ್ಲಿ (ಡೇಟಮ್ ಎಂದರೆ ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಭೂಮಿಯ ಮಾದರಿ) 43 ಉತ್ತರಕ್ಕೆ 32643, 44 ಉತ್ತರಕ್ಕೆ 32644. ಪ್ರೊಜೆಕ್ಷನ್ ದಾಖಲಿಸುವ ಪಿಆರ್‌ಜೆ ಫೈಲ್ ಕಳೆದುಹೋಗಿ, 44ರ ಅಂಕಿಗಳನ್ನು 43 ಎಂದು ಓದಿದರೆ ಕೋಲಾರದ ಕೆರೆಗಳೆಲ್ಲ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ ಅರಬ್ಬಿ ಸಮುದ್ರದಲ್ಲಿ ತೇಲುತ್ತವೆ.

ಅದು ಕಣ್ಣಿಗೆ ಬೀಳುವ ತಪ್ಪು. ಕಣ್ಣಿಗೆ ಬೀಳದ್ದು ಡೇಟಮ್‌ನದು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೊಶೀಟ್‌ಗಳು (ಸ್ಥಳಾಕೃತಿ ನಕ್ಷೆಗಳು) ಎವರೆಸ್ಟ್ ಎಂಬ ಹಳೆಯ ಗೋಲಾಭದ (ಭೂಮಿಯ ಆಕಾರದ ಮಾದರಿ) ಮೇಲೆ, ಪಾಲಿಕೋನಿಕ್ ಪ್ರೊಜೆಕ್ಷನ್‌ನಲ್ಲಿವೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರದ ಓಪನ್ ಸೀರೀಸ್ ನಕ್ಷೆಗಳು ಡಬ್ಲ್ಯುಜಿಎಸ್ 84ರಲ್ಲಿವೆ. ಹಳೆಯ ಶೀಟಿನ ಮೂಲೆಯ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಡಬ್ಲ್ಯುಜಿಎಸ್ 84 ಎಂದು ಕೊಟ್ಟರೆ ಇಡೀ ನಕ್ಷೆ ನೂರು ಮೀಟರಿಗೂ ಮೀರಿ ಜರುಗುತ್ತದೆ. ನಕ್ಷೆ ನೋಡಲು ಚೆನ್ನಾಗಿಯೇ ಇರುತ್ತದೆ, ಚಿಕ್ಕ ಕುಂಟೆಗಳು ಮಾತ್ರ ಪಕ್ಕದ ಹೊಲದಲ್ಲಿರುತ್ತವೆ. ಒಂದು ಡೇಟಮ್‌ನಿಂದ ಇನ್ನೊಂದಕ್ಕೆ ಹೋಗಲು ಯಾವ ರೂಪಾಂತರ ಬಳಸಿದಿರಿ ಎಂಬುದು ಮೆಟಾಡೇಟಾದಲ್ಲಿ ಇರಲೇಬೇಕು.

ವಿಸ್ತೀರ್ಣ ಲೆಕ್ಕ ಹಾಕಿದ ವಿಧಾನವನ್ನೂ ಇಲ್ಲೇ ಹೇಳಿ. ವೆಬ್ ನಕ್ಷೆಗಳ ವೆಬ್ ಮರ್ಕೇಟರ್ ಪ್ರೊಜೆಕ್ಷನ್‌ನಲ್ಲಿ ಅಳೆದರೆ ಕೋಲಾರದ ಅಕ್ಷಾಂಶದಲ್ಲಿ ಕೆರೆ ನೂರಕ್ಕೆ ಐದರಷ್ಟು ಹಿಗ್ಗುತ್ತದೆ, ಬೀದರಿನಲ್ಲಿ ಹತ್ತರಷ್ಟು. ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನ ‘$ಏರಿಯಾ’ ಗೋಲಾಭದ ಮೇಲಿನ ಲೆಕ್ಕ, ‘ಏರಿಯಾ($ಜಾಮೆಟ್ರಿ)’ ಚಪ್ಪಟೆ ಲೆಕ್ಕ. ಯಾವುದೆಂದು ಬರೆದರೆ ಮುಂದಿನವರಿಗೆ ತಲೆನೋವು ತಪ್ಪುತ್ತದೆ.

ನಾಲ್ಕು ದಿಕ್ಕಿನ ಗಡಿಯನ್ನು ಡಿಗ್ರಿಯಲ್ಲೇ ಕೊಡಿ, ಕೊಟ್ಟಮೇಲೆ ಒಮ್ಮೆ ನಕ್ಷೆಯ ಮೇಲೆ ಇಟ್ಟು ನೋಡಿ. ಅಕ್ಷಾಂಶ ರೇಖಾಂಶ ಅದಲುಬದಲಾದರೆ 13 ಉತ್ತರ 78 ಪೂರ್ವದ ಕೋಲಾರ 78 ಉತ್ತರ 13 ಪೂರ್ವಕ್ಕೆ ಹೋಗುತ್ತದೆ. ಅದು ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್. ಅಲ್ಲಿ ಹಿಮಕರಡಿಗಳಿವೆ, ಅಚ್ಚುಕಟ್ಟಿಲ್ಲ.

ಯಾವಾಗ

ಪ್ರಕಟಿಸಿದ ದಿನಾಂಕ ಬೇರೆ, ದತ್ತಾಂಶ ಹೇಳುವ ಕಾಲ ಬೇರೆ. 2024ರಲ್ಲಿ ಪ್ರಕಟವಾದ ಕೆರೆ ನಕ್ಷೆ 2016ರ ಚಿತ್ರದ್ದಾಗಿರಬಹುದು. ಕೋಲಾರದಲ್ಲಿ ಈ ಅಂತರ ಸಣ್ಣದಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಡಿ ಇಲ್ಲಿನ ಕೆರೆಗಳಿಗೆ ಹರಿಸಲು ಶುರುವಾದದ್ದು 2018ರಲ್ಲಿ. ಅದಕ್ಕೆ ಮೊದಲಿನ ನಕ್ಷೆಯನ್ನೂ ಆಮೇಲಿನದನ್ನೂ ಹೋಲಿಸಿ ಮಳೆ ಹೆಚ್ಚಾಗಿದೆ ಎಂದು ತೀರ್ಮಾನಿಸಿದರೆ ತಪ್ಪು ನಕ್ಷೆಯದಲ್ಲ. ವರ್ಷ ಮಾತ್ರ ಸಾಲದು, ತಿಂಗಳೂ ಬೇಕು. ಏಪ್ರಿಲಿನ ಕೆರೆಯೇ ಬೇರೆ, ನವೆಂಬರಿನದೇ ಬೇರೆ.

ದಿನಾಂಕವನ್ನು 2023-11-18 ಎಂಬ ಕ್ರಮದಲ್ಲಿ ಬರೆಯಿರಿ. 03/04/2023 ಎಂದರೆ ನಮಗೆ ಏಪ್ರಿಲ್, ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರಿಗೆ ಮಾರ್ಚ್.

ಆಡಳಿತ ಗಡಿಗೂ ಕಾಲವಿದೆ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ‘ಕೋಲಾರ ಜಿಲ್ಲೆ’ಯಲ್ಲಿ ಚಿಂತಾಮಣಿ, ಗೌರಿಬಿದನೂರಿನ ಕೆರೆಗಳೂ ಸೇರಿರುತ್ತವೆ. ಯಾವ ವರ್ಷದ ಗಡಿ ಎಂಬ ಒಂದು ಸಾಲು ಹಾಕಿ.

ನಡೆದು ಬಂದ ದಾರಿ, ನಿಖರತೆ

ಇನ್ನೊಬ್ಬರು ಅದೇ ಸಾಮಗ್ರಿಯಿಂದ ಅದೇ ನಕ್ಷೆಯನ್ನು ಮತ್ತೆ ಮಾಡಬಲ್ಲಷ್ಟು ವಿವರ ಇಲ್ಲಿರಬೇಕು. ‘ಉಪಗ್ರಹ ಚಿತ್ರದಿಂದ ತಯಾರಿಸಲಾಗಿದೆ’ ಎಂಬುದು ‘ಅಕ್ಕಿಯಿಂದ ಅಡುಗೆ ಮಾಡಿದೆ’ ಎಂದ ಹಾಗೆ. ಯಾವ ಉಪಗ್ರಹ, ಚಿತ್ರದ ಪೂರ್ತಿ ಗುರುತು, ದಿನ, ಮೋಡ ಎಷ್ಟಿತ್ತು, ಯಾವ ಬ್ಯಾಂಡ್ (ಬೆಳಕಿನ ಪಟ್ಟಿ), ಯಾವ ಸೂತ್ರ, ಗಡಿಬೆಲೆ (ಎಷ್ಟರ ಮೇಲಿದ್ದರೆ ನೀರು ಎಂದು ಹಿಡಿದದ್ದು) ಎಷ್ಟು, ಕೈಯಿಂದ ತಿದ್ದಿದ್ದು ಏನು, ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ ಎಂಬುದೆಲ್ಲ ಬೇಕು.

ಇಷ್ಟೊಂದು ಏಕೆ ಎಂಬುದಕ್ಕೆ ಒಂದು ಉದಾಹರಣೆ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ನೀರು ಗುರುತಿಸಲು ಎನ್‌ಡಿಡಬ್ಲ್ಯುಐ ಎಂಬ ಸೂಚ್ಯಂಕ ಬಳಸುತ್ತಾರೆ: ಹಸಿರು ಬ್ಯಾಂಡ್ 3ರಿಂದ ಅವಕೆಂಪು ಬ್ಯಾಂಡ್ 8ನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. 2022ರ ಜನವರಿ 25ರಿಂದ ಬಂದ 04.00 ಸಂಸ್ಕರಣಾ ಆವೃತ್ತಿಯಲ್ಲಿ ಚಿತ್ರದ ಪ್ರತಿ ಅಂಕಿಗೂ 1000 ಸೇರಿದೆ, ಲೆಕ್ಕಕ್ಕೆ ಮುನ್ನ ಅದನ್ನು ಕಳೆಯಬೇಕು. ಹಸಿರು 600, ಅವಕೆಂಪು 300 ಇರುವ ನೀರಿಗೆ ಸರಿಯಾದ ಬೆಲೆ 0.33. ಕಳೆಯಲು ಮರೆತರೆ 1600 ಮತ್ತು 1300 ಆಗಿ, ಬೆಲೆ 0.10ಕ್ಕೆ ಇಳಿಯುತ್ತದೆ. ಗಡಿಬೆಲೆ ಸೊನ್ನೆ ಇದ್ದವರಿಗೆ ಏನೂ ಗೊತ್ತಾಗುವುದಿಲ್ಲ, 0.2 ಇಟ್ಟವರಿಗೆ ಕೆರೆಯೇ ಮಾಯ. ಸಂಸ್ಕರಣಾ ಆವೃತ್ತಿಯನ್ನೂ ಗಡಿಬೆಲೆಯನ್ನೂ ಬರೆದಿಟ್ಟಿದ್ದರೆ ಈ ತಪ್ಪನ್ನು ಹತ್ತು ನಿಮಿಷದಲ್ಲಿ ಪತ್ತೆಹಚ್ಚಬಹುದು.

ಗೊತ್ತಿರುವ ದೋಷಗಳನ್ನು ಮುಚ್ಚಿಡಬೇಡಿ. ಅಂತರಗಂಗೆ ಗಿಡ, ಜೊಂಡು ಮುಚ್ಚಿದ ಕೆರೆ ಈ ಸೂತ್ರಕ್ಕೆ ಗಿಡಗಂಟಿಯಾಗಿ ಕಾಣುತ್ತದೆ, ಹಾಗಾಗಿ ಕೊಳಚೆ ಸೇರುವ ಊರಪಕ್ಕದ ಕೆರೆಗಳೇ ಹೆಚ್ಚಾಗಿ ತಪ್ಪಿಹೋಗುತ್ತವೆ. ಬೆಟ್ಟದ ನೆರಳು ನೀರಿನಂತೆ ಕಾಣಬಹುದು.

ನಿಖರತೆಗೆ ‘ಉತ್ತಮ’ ಎಂದು ಬರೆಯುವುದು ಉಪಯೋಗವಿಲ್ಲ, ಅಂಕಿ ಕೊಡಿ. 1:50,000 ಟೋಪೊಶೀಟಿನಿಂದ ಎಳೆದಿದ್ದರೆ ಕಾಗದದ ಮೇಲಿನ ಅರ್ಧ ಮಿಲಿಮೀಟರ್ ನೆಲದ ಮೇಲೆ 25 ಮೀಟರ್. ಪರದೆಯಲ್ಲಿ ಎಷ್ಟೇ ಹಿಗ್ಗಿಸಿ ಗೆರೆ ಎಳೆದರೂ ಅದು ಕಡಿಮೆಯಾಗದು. ಹತ್ತು ಮೀಟರ್ ಚಿತ್ರದಲ್ಲಿ ಒಂದು ಚುಕ್ಕಿ 100 ಚದರ ಮೀಟರ್, ಅರ್ಧ ಹೆಕ್ಟೇರ್ ಕುಂಟೆ ಎಂದರೆ ಬರೀ ಐವತ್ತು ಚುಕ್ಕಿ, ಅದರಲ್ಲಿ ಅರ್ಧದಷ್ಟು ಅಂಚಿನವೇ. ಸ್ಥಳಕ್ಕೆ ಹೋಗಿ ಪರೀಕ್ಷಿಸಿದ್ದರೆ ಎಷ್ಟು ಕೆರೆ, ಹೇಗೆ ಆರಿಸಿದಿರಿ, ಎಷ್ಟು ತಪ್ಪು ಸಿಕ್ಕಿತು ಎಂದು ಬರೆಯಿರಿ. ಹೋಗಿಲ್ಲದಿದ್ದರೆ ‘ಸ್ಥಳ ಪರೀಕ್ಷೆ ಆಗಿಲ್ಲ’ ಎಂದೇ ಬರೆಯಿರಿ.

ಲೈಸೆನ್ಸ್, ಸಂಪರ್ಕ

ಲೈಸೆನ್ಸ್ ಖಾನೆ ಖಾಲಿ ಇದ್ದರೆ ಬಳಸಬಹುದೆಂದಲ್ಲ, ಎಚ್ಚರದ ಜನ ಮುಟ್ಟುವುದೇ ಇಲ್ಲ. ಲೈಸೆನ್ಸಿನ ಪೂರ್ತಿ ಹೆಸರು, ಆವೃತ್ತಿ ಕೊಡಿ. ಎಲ್ಲರೂ ಸೇರಿ ತುಂಬುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಕೆರೆಗಳನ್ನು ಬೆರೆಸಿ ಹೊರಗೆ ಹಂಚಿದರೆ ಅದರ ಓಡಿಬಿಎಲ್ ಲೈಸೆನ್ಸಿನ ಷರತ್ತು ನಿಮ್ಮ ಲೇಯರಿಗೂ ಅಂಟಿಕೊಳ್ಳುತ್ತದೆ. ಸೆಂಟಿನೆಲ್ ಬಳಸಿದ್ದರೆ ‘ಮಾರ್ಪಡಿಸಿದ ಕೊಪರ್ನಿಕಸ್ ಸೆಂಟಿನೆಲ್ ದತ್ತಾಂಶ’ ಎಂದು ವರ್ಷದೊಂದಿಗೆ ನಮೂದಿಸಬೇಕು. ಸಂಪರ್ಕಕ್ಕೆ ವ್ಯಕ್ತಿಯ ಮೊಬೈಲ್ ಬೇಡ, ವಿಭಾಗದ ಇಮೇಲ್ ಇರಲಿ. ವರ್ಗಾವಣೆಯಾದ ಮೇಲೂ ಯಾರಾದರೂ ಉತ್ತರಿಸಬೇಕಲ್ಲ.

ಎಲ್ಲಿ ಬರೆಯುವುದು, ಹೇಗೆ ಪರೀಕ್ಷಿಸುವುದು

ಕ್ಯೂಜಿಐಎಸ್‌ನಲ್ಲಿ ಲೇಯರ್ ಪ್ರಾಪರ್ಟೀಸ್ ತೆರೆದರೆ ಮೆಟಾಡೇಟಾ ವಿಭಾಗವಿದೆ. ಹೆಸರು, ಸಾರಾಂಶ, ಕೀವರ್ಡ್, ಲೈಸೆನ್ಸ್, ವ್ಯಾಪ್ತಿ, ಸಂಪರ್ಕ, ಲಿಂಕ್, ಚರಿತ್ರೆ ಎಂದು ಒಂದೊಂದೇ ಟ್ಯಾಬ್, ಕೊನೆಯ ಟ್ಯಾಬ್ ಬಿಟ್ಟುಹೋದದ್ದನ್ನು ತೋರಿಸುತ್ತದೆ. ಕೀವರ್ಡಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರಲಿ: ‘ಕೆರೆ’ ಎಂದು ಹುಡುಕುವವರೂ ಇದ್ದಾರೆ, ‘ಟ್ಯಾಂಕ್’, ‘ಲೇಕ್’ ಎಂದು ಹುಡುಕುವವರೂ ಇದ್ದಾರೆ. ಮಾನಕದ ವಿಷಯವರ್ಗದಲ್ಲಿ ಒಳನಾಡಿನ ನೀರು ಎಂಬುದನ್ನು ಆರಿಸಿ.

ಇಲ್ಲೊಂದು ಮೋಸವಿದೆ. ಹೀಗೆ ತುಂಬಿದ್ದು ತಾನಾಗಿ ಉಳಿಯುವುದು ಪ್ರಾಜೆಕ್ಟ್ ಫೈಲಿನಲ್ಲಿ ಮಾತ್ರ. ಲೇಯರನ್ನಷ್ಟೇ ಕಳಿಸಿದರೆ ಮೆಟಾಡೇಟಾ ನಿಮ್ಮಲ್ಲೇ ಉಳಿಯುತ್ತದೆ. ಅದೇ ಕಿಟಕಿಯ ಕೆಳಗಿನ ಮೆಟಾಡೇಟಾ ಬಟನ್‌ನಿಂದ ಕ್ಯೂಎಂಡಿ ಫೈಲಾಗಿ ಉಳಿಸಿ, ಶೇಪ್‌ಫೈಲಿನ ಉಳಿದ ತುಣುಕುಗಳ ಜೊತೆ ಒಂದೇ ಜಿಪ್‌ನಲ್ಲಿ ಹಾಕಿ. ಜಿಯೋಪ್ಯಾಕೇಜ್ ಆದರೆ ಅದರೊಳಗೇ ಉಳಿಸಬಹುದು. ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಮತ್ತೆ ಕಳೆದುಹೋಗಬಹುದು, ಹಾಗಾಗಿ ಮುಖ್ಯ ವಿಷಯಗಳ ಒಂದು ಸರಳ ಟೆಕ್ಸ್ಟ್ ಪ್ರತಿಯೂ ಅದೇ ಜಿಪ್‌ನಲ್ಲಿರಲಿ. ಇಪ್ಪತ್ತು ವರ್ಷದ ನಂತರವೂ ಅದನ್ನು ತೆರೆಯಬಹುದು.

ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಕೆಲಸದಲ್ಲಿ ಭಾಗಿಯಾಗದ ಒಬ್ಬರಿಗೆ ಮೆಟಾಡೇಟಾ ಮಾತ್ರ ಕೊಟ್ಟು, ನಕ್ಷೆ ತೋರಿಸದೆ, ಮೂರು ಪ್ರಶ್ನೆ ಕೇಳಿ. ಒಣಗಿದ ಕೆರೆ ಇದರಲ್ಲಿ ಇದೆಯೇ? ವಿಸ್ತೀರ್ಣ ಯಾವ ಮಾನದಲ್ಲಿದೆ? ಇದನ್ನು ಇಟ್ಟುಕೊಂಡು ಒತ್ತುವರಿ ತೋರಿಸಬಹುದೇ? ಅವರು ನಿಮಗೆ ಫೋನ್ ಮಾಡದೆ ಮೂರಕ್ಕೂ ಉತ್ತರಿಸಿದರೆ ಜಿಪ್ ಕಳಿಸಿ.